ಸೀಟು ಸಿಕ್ಕಿತು, ಮುಂದಿನ ತಯಾರಿ ಹೇಗೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೆಸರಾಂತ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ಓದಿಗೆ ಹೊರಟವರ ಪತ್ರಗಳೇ ಈ ಸಲ ಹೆಚ್ಚು. ‘ಅಲ್ಲಿಯ ಓದು ನನ್ನಿಂದ ಆಗುತ್ತದೆಯೇ’ ಎಂಬ ಅಳುಕು ಎಲ್ಲ ಪತ್ರಗಳಲ್ಲೂ ಇದೆ. ನಮ್ಮ ಕಡೆಯ ಮಕ್ಕಳಿಗೆ ಓದಿನಿಂದ ತೊಂದರೆ ಆಗುವುದು ಕಡಿಮೆ. ಹೆಸರಿನ ಒಂದು ಅಕ್ಷರ, ಪ್ರಮಾಣಪತ್ರದ ಒಂದು ತಾರೀಖು, ಬ್ಯಾಂಕ್ ಖಾತೆಯ ಒಂದು ದಿನದ ಬಾಕಿ, ಇಂಥವುಗಳಿಂದಲೇ ಸೀಟು ತೂಗುಯ್ಯಾಲೆ ಆಗುತ್ತದೆ. ಅದಕ್ಕೇ ಮೊದಲು ಕಾಗದಪತ್ರ ಮತ್ತು ಹಣದ ಪ್ರಶ್ನೆಗಳನ್ನು ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಬ್ರಿಟನ್ನಿನಲ್ಲಿ ಒಂದು ವರ್ಷದ ಎಂ.ಎಸ್ಸಿ.ಗೆ ಸೀಟು ಸಿಕ್ಕಿದೆ, ಸೆಪ್ಟೆಂಬರ್ ಕೊನೆಗೆ ತರಗತಿ ಶುರು. ಮೆಣಸಿನಕಾಯಿ ಮಾರಿದ ದುಡ್ಡು ಸ್ವಲ್ಪ ಅಪ್ಪನ ಖಾತೆಯಲ್ಲಿದೆ, ಸ್ವಲ್ಪ ಕಾಕಾನ ಖಾತೆಯಲ್ಲಿದೆ, ಉಳಿದದ್ದು ಊರಿನ ಸೌಹಾರ್ದ ಸಹಕಾರಿಯಲ್ಲಿ ಠೇವಣಿ. ವೀಸಾಕ್ಕೆ ಇದನ್ನು ತೋರಿಸಬಹುದೇ?
— ವಿದ್ಯಾರ್ಥಿನಿ, ರೋಣ

ಈಗಿರುವ ಹಾಗೆ ತೋರಿಸಲು ಬರುವುದಿಲ್ಲ. ಸಮಯ ಇರುವುದರಿಂದ ಸರಿಮಾಡಿಕೊಳ್ಳಬಹುದು.

ಬ್ರಿಟನ್ನಿನ ವಿದ್ಯಾರ್ಥಿ ವೀಸಾಕ್ಕೆ ಹಣ ನಿಮ್ಮ ಹೆಸರಿನಲ್ಲಿರಬೇಕು, ಇಲ್ಲವೇ ತಂದೆ ತಾಯಿಯ ಹೆಸರಿನಲ್ಲಿರಬೇಕು. ಕಾಕಾ, ಮಾವ, ಅಜ್ಜ ಎಷ್ಟೇ ಹತ್ತಿರದವರಾದರೂ ಅವರ ಖಾತೆ ಲೆಕ್ಕಕ್ಕೆ ಬರುವುದಿಲ್ಲ. ಹಣ ಇಟ್ಟ ಸಂಸ್ಥೆ ರಿಸರ್ವ್ ಬ್ಯಾಂಕಿನ ನಿಯಂತ್ರಣಕ್ಕೆ ಒಳಪಟ್ಟ ಬ್ಯಾಂಕ್ ಆಗಿರಬೇಕು. ಸೌಹಾರ್ದ ಸಹಕಾರಿಗಳು ರಾಜ್ಯದ ಕಾಯ್ದೆಯಡಿ ನೋಂದಾಯಿಸಿದ ಸಂಸ್ಥೆಗಳು, ಆ ಠೇವಣಿ ಪತ್ರವನ್ನು ನೆಚ್ಚಿಕೊಳ್ಳಬೇಡಿ. ಅವಧಿಗೆ ಮುಂಚೆ ಮುರಿದರೆ ಬಡ್ಡಿ ಕಡಿಮೆಯಾಗುತ್ತದೆ. ಆದರೂ ಈಗಲೇ ಮುರಿಸಿ ಬ್ಯಾಂಕಿಗೆ ವರ್ಗಾಯಿಸುವುದೇ ಸರಿ.

ಎಷ್ಟು ಹಣ ಬೇಕು? ಮೊದಲ ವರ್ಷದ ಶುಲ್ಕದಲ್ಲಿ ಇನ್ನೂ ಕಟ್ಟದೆ ಉಳಿದ ಮೊತ್ತ, ಅದರ ಜೊತೆ ಗರಿಷ್ಠ 9 ತಿಂಗಳ ಜೀವನವೆಚ್ಚ. 2025ರ ನವೆಂಬರಿನಲ್ಲಿ ಪರಿಷ್ಕರಿಸಿದ ದರದಂತೆ ಲಂಡನ್ನಿನಲ್ಲಿ ತಿಂಗಳಿಗೆ 1,529 ಪೌಂಡ್, ಲಂಡನ್ನಿನ ಹೊರಗೆ 1,171 ಪೌಂಡ್. ನಿಮ್ಮ ಶುಲ್ಕ 30,000 ಪೌಂಡ್ ಇದ್ದು ಮುಂಗಡ 5,000 ಕಟ್ಟಿದ್ದೀರಿ ಎಂದುಕೊಳ್ಳೋಣ. ಉಳಿದ 25,000ಕ್ಕೆ ಒಂಬತ್ತು ತಿಂಗಳ 10,539 ಸೇರಿಸಿದರೆ 35,539 ಪೌಂಡ್ ಆಯಿತು. ಪೌಂಡಿಗೆ 120 ರೂಪಾಯಿ ಹಿಡಿದರೂ 42 ಲಕ್ಷ 65 ಸಾವಿರದ ಹತ್ತಿರ ಬರುತ್ತದೆ. ದರಗಳು ಆಗಾಗ ಬದಲಾಗುವುದರಿಂದ ಅರ್ಜಿ ಹಾಕುವ ವಾರ ಅಧಿಕೃತ ಜಾಲತಾಣದಲ್ಲಿ ಮತ್ತೊಮ್ಮೆ ನೋಡಿ. ಮುಂಗಡ ಕಟ್ಟಿದ್ದು ವಿಶ್ವವಿದ್ಯಾಲಯ ಕೊಡುವ ‘ಕ್ಯಾಸ್’ (ಪ್ರವೇಶ ದೃಢೀಕರಣ) ದಾಖಲೆಯಲ್ಲಿ ನಮೂದಾಗಿದೆಯೇ ಎಂದೂ ಪರೀಕ್ಷಿಸಿ. ಅದರಲ್ಲಿ ಇಲ್ಲದಿದ್ದರೆ ಕಟ್ಟಿದ ರಸೀದಿಯನ್ನು ಬೇರೆಯಾಗಿ ಲಗತ್ತಿಸಬೇಕಾಗುತ್ತದೆ.

ಈ ಮೊತ್ತ ಸತತ 28 ದಿನ ಖಾತೆಯಲ್ಲಿರಬೇಕು. 28ನೇ ದಿನಕ್ಕೂ ಅರ್ಜಿ ಹಾಕುವ ದಿನಕ್ಕೂ ನಡುವೆ 31 ದಿನಕ್ಕಿಂತ ಹೆಚ್ಚು ಅಂತರ ಬೀಳಬಾರದು. ಅನೇಕ ಅರ್ಜಿಗಳು ಎಡವುವುದು ಇಲ್ಲಿಯೇ. ಇಪ್ಪತ್ತನೇ ದಿನ ಅಪ್ಪ ಬೀಜ ಗೊಬ್ಬರಕ್ಕೆಂದು ಮೂವತ್ತು ಸಾವಿರ ತೆಗೆದು ಬಾಕಿ ಬೇಕಾದ ಮೊತ್ತಕ್ಕಿಂತ ಇಳಿದರೆ, ಮರುದಿನವೇ ತುಂಬಿದರೂ ಎಣಿಕೆ ಒಂದರಿಂದ ಶುರು. ಮುಂಗಾರು ಬಿತ್ತನೆ ಹೊತ್ತಿಗೇ ಈ 28 ದಿನಗಳೂ ಬರುವುದರಿಂದ ದಿನದ ವ್ಯವಹಾರದ ಖಾತೆಯನ್ನು ಇದಕ್ಕೆ ಬಳಸಬೇಡಿ. ಪೌಂಡಿನ ಲೆಕ್ಕ ಅರ್ಜಿ ಹಾಕಿದ ದಿನದ ವಿನಿಮಯ ದರದಂತೆ ನಡೆಯುತ್ತದೆ, ಆದ್ದರಿಂದ ಬೇಕಾದ್ದಕ್ಕಿಂತ ನೂರಕ್ಕೆ ಐದರಷ್ಟಾದರೂ ಹೆಚ್ಚು ಇಟ್ಟಿರಿ. ರೂಪಾಯಿ ಒಂದಿಷ್ಟು ಕುಸಿದರೆ ಸರಿಯಾಗಿ ಎಣಿಸಿ ಇಟ್ಟವರಿಗೆ ಕೊರತೆ ಬೀಳುತ್ತದೆ.

ಅಪ್ಪನ ಖಾತೆ ತೋರಿಸುವುದಾದರೆ ನಿಮ್ಮ ಜನನ ಪ್ರಮಾಣಪತ್ರ ಮತ್ತು ಅಪ್ಪನ ಒಪ್ಪಿಗೆ ಪತ್ರ ಎರಡೂ ಬೇಕು. ಹಳ್ಳಿಗಳ ಎಷ್ಟೋ ಜನನ ಪ್ರಮಾಣಪತ್ರಗಳಲ್ಲಿ ಮಗುವಿನ ಹೆಸರೇ ಇರುವುದಿಲ್ಲ. ಇದ್ದರೆ ಅಪ್ಪನ ಹೆಸರು ‘ಬಸಪ್ಪ’ ಎಂದಿರುತ್ತದೆ, ಬ್ಯಾಂಕಿನಲ್ಲಿ ‘ಬಸವಣ್ಣೆಪ್ಪ’ ಎಂದಿರುತ್ತದೆ. ನಿಮ್ಮದೂ ಹೀಗಿದ್ದರೆ ತಿದ್ದುಪಡಿಗಾಗಿ ಅಲೆಯುತ್ತ ಕೂರಬೇಡಿ. ಎಲ್ಲ ಹಣವನ್ನೂ ನಿಮ್ಮದೇ ಹೆಸರಿನ ಖಾತೆಗೆ ವರ್ಗಾಯಿಸಿ 28 ದಿನ ಮುಟ್ಟದೆ ಇಡಿ. ಆಗ ಹಣದ ಪುರಾವೆಗೆ ಜನನ ಪ್ರಮಾಣಪತ್ರದ ಅಗತ್ಯವೇ ಬೀಳುವುದಿಲ್ಲ. ಕಾಕಾನ ಹಣವೂ ಹೀಗೆ ನಿಮ್ಮ ಖಾತೆಗೆ ಬರಬಹುದು. ಕೊಟ್ಟವರಿಂದ ಒಂದು ಪತ್ರ ಬರೆಸಿ ಇಟ್ಟುಕೊಂಡರೆ ಮೂಲ ಕೇಳಿದಾಗ ಉತ್ತರ ಸಿದ್ಧವಿರುತ್ತದೆ.

ಇನ್ನೊಂದು ಕೆಲಸ ಕ್ಷಯರೋಗ ತಪಾಸಣೆ. ಆರು ತಿಂಗಳಿಗಿಂತ ಹೆಚ್ಚು ಕಾಲ ಅಲ್ಲಿರಲು ಭಾರತದಿಂದ ಹೋಗುವವರಿಗೆ ಇದು ಕಡ್ಡಾಯ. ಮಾನ್ಯತೆ ಪಡೆದ ಕ್ಲಿನಿಕ್‌ನಲ್ಲೇ ಆಗಬೇಕು, ಬೆಂಗಳೂರಿನಲ್ಲಿ ಇದೆ. ಎದೆಯ ಎಕ್ಸ್‌ರೇ ಸ್ವಚ್ಛವಾಗಿದ್ದರೆ ಪ್ರಮಾಣಪತ್ರ ಬೇಗ ಸಿಗುತ್ತದೆ. ಹಳೆಯ ನ್ಯುಮೋನಿಯಾದ ಗುರುತೊಂದು ಕಂಡು ಅನುಮಾನ ಬಂದರೆ ಕಫದ ಪರೀಕ್ಷೆ ಮಾಡಿಸುತ್ತಾರೆ. ಕಫವನ್ನು ಕಲ್ಚರ್‌ಗೆ (ರೋಗಾಣು ಬೆಳೆಯುತ್ತದೆಯೇ ಎಂದು ನೋಡಲು) ಇಟ್ಟರೆ ಫಲಿತಾಂಶಕ್ಕೆ ಎರಡು ತಿಂಗಳು ಹಿಡಿಯುತ್ತದೆ. ಆಗಸ್ಟಿನಲ್ಲಿ ತಪಾಸಣೆಗೆ ಹೋದವರು ಆ ವರ್ಷದ ತರಗತಿಯನ್ನೇ ಕಳೆದುಕೊಳ್ಳಬಹುದು. ಪ್ರಮಾಣಪತ್ರ ಆರು ತಿಂಗಳು ನಡೆಯುತ್ತದೆ, ಹಾಗಾಗಿ ಮೇ ಇಲ್ಲವೇ ಜೂನ್‌ನಲ್ಲಿ ಮುಗಿಸಿಬಿಡಿ.

ವೀಸಾ ಶುಲ್ಕದ ಜೊತೆಗೆ ಅಲ್ಲಿಯ ಆರೋಗ್ಯ ಸೇವೆಗೆ ವರ್ಷಕ್ಕೆ 776 ಪೌಂಡ್ ಕಟ್ಟಬೇಕು. ಒಂದು ವರ್ಷದ ಕೋರ್ಸಿಗೆ ವೀಸಾ ಅದಕ್ಕಿಂತ ಕೆಲವು ತಿಂಗಳು ಹೆಚ್ಚು ಸಿಗುವುದರಿಂದ ಒಂದೂವರೆ ವರ್ಷದ ಲೆಕ್ಕದಲ್ಲಿ 1,164 ಪೌಂಡ್ ಆಗುತ್ತದೆ. 28 ದಿನದ ಹಣದಿಂದ ಇದನ್ನು ತೆಗೆಯಬೇಡಿ, ಬೇರೆ ಇಟ್ಟುಕೊಳ್ಳಿ.

ಪ್ರಶ್ನೆ: ಮಗನ ವಿದೇಶದ ಓದಿಗೆ 25 ಲಕ್ಷ ಸಾಲ ಬೇಕು. ಕುಂದಗೋಳದ ಹತ್ತಿರ ನಾಲ್ಕು ಎಕರೆ ಎರೆ ಹೊಲ, ಹುಬ್ಬಳ್ಳಿಯಲ್ಲಿ ನಮ್ಮ ತಂದೆಯ ಕಾಲದ ಮನೆ ಇದೆ. ಯಾವುದನ್ನು ಅಡವಿಡಬೇಕು?
— ಪಾಲಕರು, ಹಳೇ ಹುಬ್ಬಳ್ಳಿ

ಮನೆಯನ್ನೇ ಇಡಬೇಕಾಗುತ್ತದೆ. ಶಿಕ್ಷಣ ಸಾಲಕ್ಕೆ ಕೃಷಿ ಜಮೀನನ್ನು ಬ್ಯಾಂಕುಗಳು ಸಾಮಾನ್ಯವಾಗಿ ಒತ್ತೆಯಾಗಿ ಹಿಡಿಯುವುದಿಲ್ಲ. ಎನ್‌ಎ ಆದ (ಕೃಷಿಯೇತರ ಎಂದು ಬದಲಾದ) ಜಾಗ, ಮನೆ, ಠೇವಣಿ ನಡೆಯುತ್ತವೆ.

ನಿಮ್ಮ ಪತ್ರದಲ್ಲಿ ನಮ್ಮ ಗಮನ ಸೆಳೆದದ್ದು ‘ತಂದೆಯ ಕಾಲದ ಮನೆ’ ಎಂಬ ಮಾತು. ಸಿಟಿ ಸರ್ವೇ ಉತಾರದಲ್ಲಿ (ಆಸ್ತಿ ದಾಖಲೆಯಲ್ಲಿ) ಈಗ ಯಾರ ಹೆಸರಿದೆ ನೋಡಿ. ತೀರಿಹೋದ ಹಿರಿಯರ ಹೆಸರೇ ಇದ್ದರೆ ವಾರಸಾ ಆಗುವ, ಅಂದರೆ ಹೆಸರು ವಾರಸುದಾರರಿಗೆ ಬದಲಾಗುವ ತನಕ ಬ್ಯಾಂಕಿನ ವಕೀಲರು ಫೈಲು ಮುಂದೆ ಕಳಿಸುವುದಿಲ್ಲ. ಅಣ್ಣತಮ್ಮಂದಿರು, ಅಕ್ಕತಂಗಿಯರು ಇದ್ದರೆ ವಾಟ್ನಿ (ಆಸ್ತಿ ಪಾಲಿನ) ಪತ್ರ ಬೇಕು, ಇಲ್ಲವೇ ಎಲ್ಲ ಹಿಸ್ಸೆದಾರರ ಸಹಿ ಬೇಕು. ಮದುವೆಯಾಗಿ ಬೇರೆ ಊರಿಗೆ ಹೋದ ಅಕ್ಕತಂಗಿಯರಿಗೂ ಪಾಲುಂಟು, ಅವರನ್ನು ಬಿಟ್ಟು ಮಾಡಿದ ಕಾಗದ ಬ್ಯಾಂಕಿನಲ್ಲಿ ನಿಲ್ಲುವುದಿಲ್ಲ. ಇದಕ್ಕೆಲ್ಲ ಆಕ್ಷೇಪಣೆಯ ಅವಧಿ ಕಾಯಬೇಕು, ನೋಂದಣಿ ಆಗಬೇಕು. ಆಫರ್ ಲೆಟರ್ ಬರುವುದಕ್ಕೂ ಮೊದಲೇ ಶುರುಮಾಡಬಹುದಾದ ಕೆಲಸ ಇದು. ಖರೀದಿ ಪತ್ರ, ಇ.ಸಿ. (ಋಣಭಾರ ಪ್ರಮಾಣಪತ್ರ), ಮನೆಪಟ್ಟಿ ಕಟ್ಟಿದ ರಸೀದಿ, ಕಟ್ಟಡದ ಅನುಮತಿ ಇವನ್ನೂ ಒಟ್ಟು ಮಾಡಿಡಿ. ಹಳ್ಳಿಯ ಮನೆಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ಕೇಳುತ್ತಾರೆ.

ವಿದೇಶದ ಓದಿಗೆ ಒಟ್ಟು ಖರ್ಚಿನ ನೂರಕ್ಕೆ 15ರಷ್ಟನ್ನು ನೀವೇ ಹಾಕಬೇಕು ಎಂಬುದು ಬ್ಯಾಂಕುಗಳ ಮಾದರಿ ಯೋಜನೆಯ ನಿಯಮ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟುವ ಒತ್ತಾಯವಿಲ್ಲ, ಆದರೆ ಬಡ್ಡಿ ಏರುತ್ತಲೇ ಇರುತ್ತದೆ. ಶೇ. 10ರ ದರದಲ್ಲಿ 25 ಲಕ್ಷಕ್ಕೆ ವರ್ಷಕ್ಕೆ ಎರಡೂವರೆ ಲಕ್ಷ ಬಡ್ಡಿ. ಹೀಗೆ ಏರಿದ ಬಡ್ಡಿ ಬಿಟ್ಟು 25 ಲಕ್ಷಕ್ಕಷ್ಟೇ ಹತ್ತು ವರ್ಷದ ಅವಧಿಗೆ ಕಂತು ತಿಂಗಳಿಗೆ ಸುಮಾರು 33,000 ರೂಪಾಯಿ. ಈ ಅಂಕಿಯನ್ನು ಮಗನ ಮುಂದೆ ಇಟ್ಟು, ಕೆಲಸ ಸಿಗುವುದು ಒಂದು ವರ್ಷ ತಡವಾದರೆ ಮನೆಯವರು ಹೇಗೆ ತೂಗಿಸುತ್ತಾರೆ ಎಂದು ಸಹಿಗೆ ಮೊದಲೇ ಮಾತಾಡಿಕೊಳ್ಳಿ. ಓದುತ್ತಿರುವಾಗಲೇ ಬಡ್ಡಿಯನ್ನಷ್ಟೇ ಕಟ್ಟುತ್ತ ಹೋದರೂ ಹೊರೆ ಬಹಳ ಇಳಿಯುತ್ತದೆ.

ಭಾರತದಲ್ಲೇ ಓದುವವರಿಗೆ ಇಷ್ಟು ತಾಪತ್ರಯವಿಲ್ಲ. ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಡಿ ಆಯ್ದ ಉನ್ನತ ಸಂಸ್ಥೆಗಳಿಗೆ ಒತ್ತೆಯಿಲ್ಲದೆ, ಜಾಮೀನಿಲ್ಲದೆ ಸಾಲ ಸಿಗುತ್ತದೆ. ಮನೆಯ ವಾರ್ಷಿಕ ಆದಾಯ 8 ಲಕ್ಷದ ಒಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ, ಕಂತು ಶುರುವಾಗುವ ತನಕ ಶೇ. 3ರ ಬಡ್ಡಿ ರಿಯಾಯಿತಿಯೂ ಇದೆ.

ಪ್ರಶ್ನೆ: ನನ್ನದು 3ಬಿ ಪ್ರಮಾಣಪತ್ರ. ಐಐಟಿಯ ಎಂ.ಎಸ್ಸಿ.ಗೆ ಒಬಿಸಿ ಎಂದು ಹಾಕಬಹುದೇ? ಸೀಟು ಕೈತಪ್ಪಿದರೆ ಇರಲಿ ಎಂದು ಧಾರವಾಡದಲ್ಲೂ ಪ್ರವೇಶ ಪಡೆಯುವ ವಿಚಾರವಿದೆ.
— ಬಿ.ಎಸ್ಸಿ. ಕೊನೆಯ ವರ್ಷ, ರಾಣೆಬೆನ್ನೂರು

ರಾಜ್ಯದ ಪಟ್ಟಿ ಬೇರೆ, ಕೇಂದ್ರದ ಪಟ್ಟಿ ಬೇರೆ. 2ಎ, 3ಎ, 3ಬಿ ಎಂಬ ವಿಂಗಡಣೆ ಕರ್ನಾಟಕದ್ದು. ಐಐಟಿ, ಐಐಎಸ್‌ಸಿ, ಕೇಂದ್ರೀಯ ವಿಶ್ವವಿದ್ಯಾಲಯಗಳು ಅದನ್ನು ನೋಡುವುದಿಲ್ಲ. ರಾಷ್ಟ್ರೀಯ ಹಿಂದುಳಿದ ವರ್ಗಗಳ ಆಯೋಗದ ಜಾಲತಾಣದಲ್ಲಿ ಕರ್ನಾಟಕದ ಕೇಂದ್ರ ಪಟ್ಟಿ ಇದೆ. ನಿಮ್ಮ ಜಾತಿ, ಉಪಜಾತಿಯ ಹೆಸರು ಅಲ್ಲಿದೆಯೇ ಎಂದು ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡಿ. 3ಬಿಯಲ್ಲಿರುವ ಎಲ್ಲರೂ ಅಲ್ಲಿಲ್ಲ.

ಹೆಸರು ಇದ್ದರೆ ನಾಡಕಚೇರಿಯಲ್ಲಿ ಕೇಂದ್ರದ ನಮೂನೆಯ ಒಬಿಸಿ ಪ್ರಮಾಣಪತ್ರವನ್ನೇ ಕೇಳಿ ಪಡೆಯಿರಿ. ಇಲ್ಲದಿದ್ದರೆ ಇಡಬ್ಲ್ಯುಎಸ್‌ಗೆ (ಆರ್ಥಿಕವಾಗಿ ದುರ್ಬಲರ ಮೀಸಲಾತಿಗೆ) ಅರ್ಹರೇ ನೋಡಿ. ಇವೆರಡರ ಆದಾಯ ಮಿತಿಯೂ 8 ಲಕ್ಷವೇ, ಲೆಕ್ಕ ಮಾತ್ರ ಬೇರೆ. ಒಬಿಸಿ ಕೆನೆಪದರದ (ಮೀಸಲಾತಿಯಿಂದ ಹೊರಗಿಡುವ ಉಳ್ಳವರ) ಲೆಕ್ಕದಲ್ಲಿ ಸಂಬಳ ಮತ್ತು ಒಕ್ಕಲುತನದ ಆದಾಯ ಸೇರುವುದಿಲ್ಲ. ನೌಕರರಾದರೆ ತಂದೆ ತಾಯಿಯ ಹುದ್ದೆಯ ದರ್ಜೆ ನೋಡುತ್ತಾರೆ. ಇಡಬ್ಲ್ಯುಎಸ್‌ನಲ್ಲಿ ಸಂಬಳ, ಬೇಸಾಯ, ವ್ಯಾಪಾರ ಎಲ್ಲ ಸೇರಿ 8 ಲಕ್ಷದೊಳಗೆ ಇರಬೇಕು. ಜೊತೆಗೆ ಕುಟುಂಬಕ್ಕೆ 5 ಎಕರೆ ಅಥವಾ ಅದಕ್ಕಿಂತ ಹೆಚ್ಚು ಕೃಷಿ ಜಮೀನು ಇರಬಾರದು. ಹಾವೇರಿ ಜಿಲ್ಲೆಯ ಆರು ಎಕರೆ ಒಣಬೇಸಾಯದವರ ಆದಾಯ ಎಷ್ಟೇ ಕಡಿಮೆಯಿದ್ದರೂ ಈ ನಿಯಮ ಅವರನ್ನು ಹೊರಗಿಡುತ್ತದೆ. ಅನ್ಯಾಯವೆನಿಸಿದರೂ ಸದ್ಯದ ನಿಯಮ ಇದೇ, ಮುಚ್ಚಿಟ್ಟು ಅರ್ಜಿ ಹಾಕಿದರೆ ಪರಿಶೀಲನೆಯಲ್ಲಿ ಸೀಟೇ ರದ್ದಾಗುತ್ತದೆ.

ತಾರೀಖಿನ ಮೇಲೆ ಕಣ್ಣಿಡಿ. ಪ್ರವೇಶದ ಹೊತ್ತಿಗೆ ಹೊಸ ಆರ್ಥಿಕ ವರ್ಷದ, ಅಂದರೆ ಏಪ್ರಿಲ್ 1ರ ನಂತರದ ಪ್ರಮಾಣಪತ್ರವನ್ನೇ ಸಾಮಾನ್ಯವಾಗಿ ಕೇಳುತ್ತಾರೆ. ಮಾರ್ಚಿನಲ್ಲಿ ಮಾಡಿಸಿದ್ದು ಮೇ ತಿಂಗಳಿಗೆ ಹಳತಾಗಿರುತ್ತದೆ. ಏಪ್ರಿಲ್ ಮೊದಲ ವಾರದಲ್ಲೇ ಅರ್ಜಿ ಕೊಡಿ.

ಎರಡು ಕಡೆ ಪ್ರವೇಶದ ವಿಚಾರ: ಮೂಲ ಅಂಕಪಟ್ಟಿ, ಟಿಸಿ ಎಲ್ಲವನ್ನೂ ಮೊದಲ ಕಡೆ ಒಪ್ಪಿಸಿ ಆಮೇಲೆ ಒದ್ದಾಡುವವರು ಪ್ರತಿವರ್ಷ ಇರುತ್ತಾರೆ. ಪರಿಶೀಲನೆ ಮುಗಿದ ಮೇಲೆ ಮೂಲ ದಾಖಲೆಗಳನ್ನು ಇಟ್ಟುಕೊಳ್ಳಬಾರದು ಎಂದು ಯುಜಿಸಿ 2018ರಲ್ಲೇ ಸೂಚಿಸಿದೆ. ಅದನ್ನು ವಿನಯದಿಂದಲೇ ನೆನಪಿಸಿ ಹಿಂದಕ್ಕೆ ಪಡೆಯಿರಿ. ಟಿಸಿ ಕೊಡುವುದು ಕಾಲೇಜು, ಮೈಗ್ರೇಶನ್ ಪ್ರಮಾಣಪತ್ರ ಕೊಡುವುದು ವಿಶ್ವವಿದ್ಯಾಲಯ. ಎರಡಕ್ಕೂ ಬೇರೆ ಬೇರೆ ಅರ್ಜಿ. ಕೊನೆಯ ಸೆಮಿಸ್ಟರಿನ ಫಲಿತಾಂಶ ಬಾರದಿದ್ದರೆ, ಎಲ್ಲ ಪರೀಕ್ಷೆಗೂ ಹಾಜರಾಗಿದ್ದೀರಿ, ಹಿಂದಿನ ಸೆಮಿಸ್ಟರಿನ ಯಾವ ವಿಷಯವೂ ಬಾಕಿಯಿಲ್ಲ ಎಂದು ಪ್ರಾಂಶುಪಾಲರಿಂದ ಪತ್ರ ಪಡೆದಿಡಿ. ಅದರ ಮೇಲೆ ತಾತ್ಕಾಲಿಕ ಪ್ರವೇಶ ಸಿಗುತ್ತದೆ. ಅಂಕಪಟ್ಟಿ ಒಪ್ಪಿಸುವ ಕಡೆಯ ದಿನ ಪ್ರವೇಶ ಪತ್ರದಲ್ಲೇ ಇರುತ್ತದೆ.

ಪ್ರಶ್ನೆ: ಬಿ.ಎ.ವರೆಗೆ ಕನ್ನಡ ಮಾಧ್ಯಮ. ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎಂ.ಎ. ಇತಿಹಾಸಕ್ಕೆ ಸೀಟು ಸಿಕ್ಕಿದೆ. ಇಂಗ್ಲಿಷಿನಲ್ಲಿ ಅಷ್ಟು ಓದಲು ಆಗುತ್ತದೆಯೇ ಎಂಬ ಭಯ.
— ವಿದ್ಯಾರ್ಥಿ, ಧಾರವಾಡ

ಎರಡು ತಿಂಗಳಿದ್ದರೆ ಸಾಕಷ್ಟು ದಾರಿ ಸಾಗಬಹುದು. ಮಾತಾಡುವ ಇಂಗ್ಲಿಷಿನ ಕೋಚಿಂಗಿಗೆ ಮಾತ್ರ ಆ ಎರಡು ತಿಂಗಳನ್ನು ಕೊಡಬೇಡಿ. ಮೊದಲ ಸೆಮಿಸ್ಟರಿನಲ್ಲಿ ಕಷ್ಟ ಕೊಡುವುದು ಓದಿನ ಪ್ರಮಾಣ ಮತ್ತು ಬರವಣಿಗೆ. ಇಲ್ಲಿಯ ಪರೀಕ್ಷೆಯಲ್ಲಿ ‘ಕಾರಣಗಳನ್ನು ವಿವರಿಸಿರಿ’ ಎಂದು ಕೇಳುತ್ತಾರೆ. ಅಲ್ಲಿ ಒಂದೇ ಘಟನೆಯ ಬಗ್ಗೆ ಇಬ್ಬರು ವಿದ್ವಾಂಸರು ಏಕೆ ಬೇರೆ ಬೇರೆ ಹೇಳುತ್ತಾರೆ, ಯಾರ ಆಧಾರ ಗಟ್ಟಿ ಎಂದು ಕೇಳುತ್ತಾರೆ. ಭಾಷೆಗಿಂತ ಈ ಬದಲಾವಣೆಗೆ ಒಗ್ಗಿಕೊಳ್ಳುವುದು ಕಷ್ಟ.

ಇಪ್ಪತ್ತು ಪುಟದ ಲೇಖನವೊಂದನ್ನು ತೆಗೆದುಕೊಂಡು ಹೀಗೆ ಓದಿ. ಮೊದಲು ಸಾರಾಂಶ, ಪೀಠಿಕೆಯ ಎರಡು ಪುಟ, ಕೊನೆಯ ಎರಡು ಪುಟ, ನಡುವಿನ ಉಪಶೀರ್ಷಿಕೆಗಳು. ಅಲ್ಲಿಗೆ ನಿಲ್ಲಿಸಿ, ಲೇಖಕರು ಏನನ್ನು ಸಾಧಿಸಹೊರಟಿದ್ದಾರೆ ಎಂದು ಕನ್ನಡದಲ್ಲಿ ಮೂರು ಸಾಲು ಬರೆಯಿರಿ. ಬರೆಯಲು ಬಂದರೆ ಮಾತ್ರ ನಡುವಿನ ಪುಟಗಳಿಗೆ ಹೋಗಿ. ಬಾರದಿದ್ದರೆ ಪೀಠಿಕೆಯನ್ನೇ ಮತ್ತೆ ಓದಿ. ಗೊತ್ತಿಲ್ಲದ ಪ್ರತಿ ಪದಕ್ಕೂ ನಿಘಂಟು ತೆಗೆದರೆ ನಾಲ್ಕನೇ ಪುಟಕ್ಕೇ ದಣಿವಾಗುತ್ತದೆ. ಮೂರು ಸಲ ಎದುರಾದ ಪದಕ್ಕೆ ಮಾತ್ರ ಅರ್ಥ ನೋಡಿ, ಬಂದ ವಾಕ್ಯದ ಸಮೇತ ಬರೆದಿಡಿ. ಓದು ಮುಗಿದ ಮೇಲೆ ಪುಸ್ತಕ ಮುಚ್ಚಿ ಇಂಗ್ಲಿಷಿನಲ್ಲಿ 150 ಪದಗಳ ಟಿಪ್ಪಣಿ ಬರೆಯಿರಿ. ಮುಚ್ಚಿ ಬರೆಯುವುದು ಮುಖ್ಯ. ತೆರೆದಿಟ್ಟು ಬರೆದರೆ ಲೇಖಕರ ವಾಕ್ಯಗಳೇ ನಿಮಗೆ ತಿಳಿಯದಂತೆ ನುಸುಳಿ, ಮುಂದೆ ಕೃತಿಚೌರ್ಯದ ಆಪಾದನೆ ಬರುತ್ತದೆ. ಲೇಖಕ, ವರ್ಷ, ಪುಟ ಸಂಖ್ಯೆಯನ್ನು ಆಗಲೇ ಗುರುತು ಹಾಕಿ. ಜೊಟೆರೊ ಎಂಬ ಉಚಿತ ತಂತ್ರಾಂಶ ಇದಕ್ಕೆ ಅನುಕೂಲ. ಮೊದಲ ವಾರ ಎರಡು ಲೇಖನ ಸಾಕು, ಎರಡನೇ ತಿಂಗಳಿಗೆ ವಾರಕ್ಕೆ ಐದಕ್ಕೆ ಬಂದರೆ ಒಳ್ಳೆಯ ವೇಗ. ಓದಲು ಸಾಮಗ್ರಿ ಬೇಕಾದರೆ ಶೋಧಗಂಗಾ ತಾಣದಲ್ಲಿ ಪಿಎಚ್.ಡಿ. ಪ್ರಬಂಧಗಳು ಉಚಿತವಾಗಿ ಸಿಗುತ್ತವೆ. ಅವುಗಳ ಮೊದಲ ಅಧ್ಯಾಯ ಓದಿದರೆ ಆ ವಿಷಯದಲ್ಲಿ ಯಾರು ಏನು ಬರೆದಿದ್ದಾರೆಂಬ ನಕ್ಷೆ ತಿಳಿಯುತ್ತದೆ.

ಕನ್ನಡ ಮಾಧ್ಯಮವನ್ನು ಕೊರತೆ ಎಂದು ಭಾವಿಸಿ ಹೊರಡಬೇಡಿ. ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಆರಂಭವಾದ ಸಹಕಾರ ಸಂಘವನ್ನಾಗಲಿ, 1890ರಲ್ಲಿ ನಿಮ್ಮ ಊರಿನಲ್ಲೇ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘವನ್ನಾಗಲಿ ಅಧ್ಯಯನ ಮಾಡಬೇಕಾದವರು ಕನ್ನಡದ ಹಳೆಯ ಪತ್ರ, ಪತ್ರಿಕೆ, ನಡಾವಳಿಗಳನ್ನು ಓದಲೇಬೇಕು. ಇತಿಹಾಸದ ತರಗತಿಯಲ್ಲಿ ಮೂಲ ಆಕರವನ್ನು ನೇರವಾಗಿ ಓದಬಲ್ಲವರ ಮಾತಿಗೆ ಬೆಲೆಯಿದೆ. ಹೊರಡುವ ಮುನ್ನ ಇಂಥ ಒಂದು ವಿಷಯ ಆರಿಸಿ, ಧಾರವಾಡದ ಗ್ರಂಥಾಲಯಗಳಲ್ಲಿ ಏನೇನು ಇದೆ ಎಂದು ಪಟ್ಟಿ ಮಾಡಿಕೊಂಡು ಹೋಗಿ. ಸೆಮಿನಾರಿಗೆ ವಿಷಯ ಕೊಡಿ ಎಂದಾಗ ಅದು ನಿಮ್ಮ ಕೈಯಲ್ಲಿರುತ್ತದೆ.

ಪ್ರಶ್ನೆ: ಎಂ.ಎಸ್ಸಿ. ಪ್ರವೇಶ ಪರೀಕ್ಷೆ ಜಾಮ್‌ನಲ್ಲಿ ಒಳ್ಳೆಯ ರ‍್ಯಾಂಕ್ ಬಂದು ಎಂ.ಎಸ್ಸಿ. ಗಣಿತಕ್ಕೆ ಹೊರಟಿದ್ದೇನೆ. ಈಗ ಏನು ಓದಿಕೊಳ್ಳಲಿ?
— ವಿದ್ಯಾರ್ಥಿನಿ, ಸವಣೂರು

ಹೊಸ ಪುಸ್ತಕ ಬೇಡ. ಪ್ರವೇಶ ಪರೀಕ್ಷೆ ಸರಿಯುತ್ತರ ಕೇಳುತ್ತದೆ, ಎಂ.ಎಸ್ಸಿ. ಸಾಧನೆ (ಪ್ರೂಫ್) ಕೇಳುತ್ತದೆ. ರಿಯಲ್ ಅನಾಲಿಸಿಸ್, ಲೀನಿಯರ್ ಆಲ್ಜಿಬ್ರಾ ಎರಡನ್ನೇ ಹಿಡಿದು ದಿನಕ್ಕೊಂದು ಪ್ರಮೇಯವನ್ನು ಪುಸ್ತಕ ಮುಚ್ಚಿ ಸಾಧಿಸಿ.

ಮುಚ್ಚಿದ, ಮಿತಿಯುಳ್ಳ ಅಂತರದಲ್ಲಿ ನಿರಂತರವಾದ ಫಲನ ತನ್ನ ಗರಿಷ್ಠ ಬೆಲೆಯನ್ನು ಮುಟ್ಟುತ್ತದೆ ಎಂಬುದನ್ನು ತೆಗೆದುಕೊಳ್ಳಿ. ಸಾಧನೆ ಬರೆದ ಮೇಲೆ ‘ಮುಚ್ಚಿದ’ ಎಂಬುದು ಯಾವ ಸಾಲಿನಲ್ಲಿ ಬಳಕೆಯಾಯಿತು ಎಂದು ಅಡಿಗೆರೆ ಹಾಕಿ. ಅದನ್ನು ಕೈಬಿಟ್ಟರೆ ಏನಾಗುತ್ತದೆ? 0 ಮತ್ತು 1ರ ನಡುವಿನ ತೆರೆದ ಅಂತರದಲ್ಲಿ 1/x ನಿರಂತರವೇ, ಆದರೂ ಸೊನ್ನೆಯ ಹತ್ತಿರ ಹೋದಂತೆ ಎಲ್ಲೆಯಿಲ್ಲದೆ ಬೆಳೆಯುತ್ತದೆ, ಗರಿಷ್ಠ ಇಲ್ಲ. ‘ಮಿತಿಯುಳ್ಳ’ ಎಂಬುದನ್ನು ಬಿಟ್ಟರೆ? ‘ನಿರಂತರ’ ಬಿಟ್ಟರೆ? ಮೂರಕ್ಕೂ ನಿಮ್ಮದೇ ಉದಾಹರಣೆ ಕಟ್ಟಿ. ಒಂದೊಂದು ಷರತ್ತನ್ನೂ ಹೀಗೆ ಅಲುಗಾಡಿಸಿ ನೋಡಿದವರು ಮೊದಲ ಸೆಮಿಸ್ಟರಿನಲ್ಲಿ ತಬ್ಬಿಬ್ಬಾಗುವುದಿಲ್ಲ. ಉಳಿದ ಸಮಯದಲ್ಲಿ ಗಣಿತ ಬರಹಕ್ಕೆ ಬಳಸುವ ಲೇಟೆಕ್ ತಂತ್ರಾಂಶದಲ್ಲಿ ಎರಡು ಪುಟ ಟೈಪ್ ಮಾಡಲು ಕಲಿಯಿರಿ, ಹೋಂವರ್ಕಿಗೆ ಬೇಕಾಗುತ್ತದೆ.

ಪ್ರಶ್ನೆ: ಮಗಳು ಆಗಸ್ಟಿನಲ್ಲಿ ಇಂಗ್ಲೆಂಡಿಗೆ ಹೊರಟಿದ್ದಾಳೆ. ತಿನ್ನಲು ಏನೇನು ಕಟ್ಟಿ ಕೊಡಬಹುದು?
— ತಾಯಿ, ವಿದ್ಯಾನಗರ, ಹುಬ್ಬಳ್ಳಿ

ಧಾರವಾಡ ಪೇಡೆ ಬೇಡ. ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಭಾರತದಿಂದ ಬ್ರಿಟನ್ನಿಗೆ ಒಯ್ಯಲು ಅನುಮತಿಯಿಲ್ಲ. ತುಪ್ಪ, ಕುಂದಾ, ಖೋವಾದ ಸಿಹಿ ಎಲ್ಲವೂ ಇದರಲ್ಲಿ ಬಂತು, ಸಿಕ್ಕರೆ ಕಸಿದುಕೊಳ್ಳುತ್ತಾರೆ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಪುಡಿ, ಬ್ಯಾಡಗಿ ಮೆಣಸಿನಪುಡಿ ನಿಶ್ಚಿಂತೆಯಿಂದ ಕೊಡಿ. ಶೇಂಗಾ, ಅಗಸಿಯ ಎಣ್ಣೆ ಬೇಗ ಕಮಟುವುದರಿಂದ ಕಾಲು ಕಿಲೋದ ಪೊಟ್ಟಣಗಳಾಗಿ ಗಾಳಿಯಾಡದಂತೆ ಸೀಲ್ ಮಾಡಿಸಿ, ಮೇಲೆ ಇಂಗ್ಲಿಷಿನಲ್ಲಿ ಹೆಸರು ಬರೆಯಿರಿ. ರೊಟ್ಟಿಯನ್ನು ಗಟ್ಟಿ ಡಬ್ಬದಲ್ಲೇ ಇಡಿ, ಚೀಲದಲ್ಲಿಟ್ಟರೆ ಪುಡಿಯಾಗುತ್ತದೆ.

ದಿನವೂ ತೆಗೆದುಕೊಳ್ಳುವ ಮಾತ್ರೆಗಳಿದ್ದರೆ ಔಷಧದ ಮೂಲ ಹೆಸರು ಬರೆದ ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲಿರಲಿ. ಕ್ಷಯರೋಗ ತಪಾಸಣೆಯ ಪ್ರಮಾಣಪತ್ರ, ಆಫರ್ ಲೆಟರ್, ಮೂಲ ಅಂಕಪಟ್ಟಿಗಳೂ ಅದರಲ್ಲೇ ಇರಬೇಕು, ವಿಮಾನಕ್ಕೆ ಒಪ್ಪಿಸುವ ಪೆಟ್ಟಿಗೆಯಲ್ಲಿ ಇಡಬೇಡಿ.